ಓದುಗರ ಪ್ರಶ್ನೆ: ಗಿರ್ಮಿಟ್‌ಗೆ ಹೆಬ್ಬೆಟ್ಟು ಒತ್ತಿದವರು

ಪ್ರಶ್ನೆ: ಫಿಜಿಯ ಕಬ್ಬಿನ ತೋಟಗಳಿಗೆ ಹೋದ ಭಾರತೀಯರನ್ನು ‘ಗಿರ್ಮಿಟಿಯಾ’ಗಳೆಂದು ಕರೆಯುವುದೇಕೆ? ಒಪ್ಪಂದಕ್ಕೆ ತಾವೇ ಹೆಬ್ಬೆಟ್ಟು ಒತ್ತಿ, ಕೂಲಿ ಪಡೆದು ದುಡಿದವರನ್ನು ಗುಲಾಮರೊಡನೆ ಹೋಲಿಸುವುದು ನ್ಯಾಯವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ‘ಅಗ್ರಿಮೆಂಟ್’ ಎಂಬ ಇಂಗ್ಲಿಷ್ ಪದ ಕೂಲಿಗಳ ನಾಲಗೆಯಲ್ಲಿ ‘ಗಿರ್ಮಿಟ್’ ಆಯಿತು, ಆ ಕರಾರಿಗೆ ಒಳಪಟ್ಟವರು ಗಿರ್ಮಿಟಿಯಾಗಳಾದರು. ಬ್ರಿಟಿಷ್ ವಸಾಹತುಗಳಲ್ಲಿ 1834ರಲ್ಲಿ ಗುಲಾಮಗಿರಿ ರದ್ದಾದಾಗ ಕಬ್ಬಿನ ತೋಟಗಳ ಮಾಲೀಕರು ಆಳುಗಳಿಗಾಗಿ ಭಾರತದತ್ತ ತಿರುಗಿದರು. ಅದೇ ವರ್ಷ ಮಾರಿಷಸ್‌ನಲ್ಲಿ ಬೇರೂರಿದ ಈ ಪದ್ಧತಿ ಗಯಾನಾ, ಟ್ರಿನಿಡಾಡ್, ದಕ್ಷಿಣ ಆಫ್ರಿಕಾದ ನಟಾಲ್‌ಗಳಿಗೆ ಹಬ್ಬಿ, 1879ರ ಮೇ 14ರಂದು ‘ಲಿಯೊನಿಡಾಸ್’ ಹಡಗಿನೊಂದಿಗೆ ಫಿಜಿಯನ್ನು ಮುಟ್ಟಿತು. 1916ರವರೆಗೆ ಅಲ್ಲಿಗೆ ಹೋದವರು 60 ಸಾವಿರಕ್ಕೂ ಹೆಚ್ಚು. ಮೊದಲು ಕಲ್ಕತ್ತಾದಿಂದ, 1903ರಿಂದ ಮದ್ರಾಸಿನಿಂದಲೂ ಹಡಗುಗಳು ಹೊರಟವು.

ತಮ್ಮ ಪ್ರಶ್ನೆಯ ತಿರುಳು ಇರುವುದು ‘ತಾವೇ’ ಎಂಬ ಮಾತಿನಲ್ಲಿ. ಬರ, ಸಾಲ, ಮನೆಯ ಜಗಳಗಳಿಂದ ಬೇಸತ್ತು ಊರು ಬಿಟ್ಟವರನ್ನು ‘ಅರ್ಕಾಟಿ’ಗಳೆಂಬ ದಲ್ಲಾಳಿಗಳು ಸಂತೆಗಳಲ್ಲಿ, ತೀರ್ಥಕ್ಷೇತ್ರಗಳಲ್ಲಿ, ರೈಲು ನಿಲ್ದಾಣಗಳಲ್ಲಿ ಹುಡುಕಿ, ಹಡಗು ಹತ್ತುವ ಮುನ್ನ ಕೂಲಿಗಳನ್ನು ಇರಿಸುತ್ತಿದ್ದ ಡಿಪೋಗೆ ಕರೆತರುತ್ತಿದ್ದರು. ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಗೆ ದಾಖಲಾಗುತ್ತಿತ್ತು, ನಿಜ. ಆದರೆ ಓದು ಬಾರದವರಿಗೆ ಆ ಕಾಗದಕ್ಕಿಂತ ದಲ್ಲಾಳಿಯ ಬಾಯಿಮಾತೇ ಕರಾರಾಗಿತ್ತು. ಕಾಗದದಲ್ಲಿದ್ದುದು ಐದು ವರ್ಷಗಳ ದುಡಿಮೆ, ವಾರದ ದಿನ ಒಂಬತ್ತು ಗಂಟೆ, ಶನಿವಾರ ಐದು ಗಂಟೆ; ದಿನಕ್ಕೆ ಗಂಡಸಿಗೆ ಒಂದು ಶಿಲಿಂಗ್, ಹೆಂಗಸಿಗೆ ಒಂಬತ್ತು ಪೆನ್ಸ್ (ಮುಕ್ಕಾಲು ಶಿಲಿಂಗ್). ತೋಟದಲ್ಲಿ ನಡೆದದ್ದು ಬೇರೆ. ಒಬ್ಬೊಬ್ಬರಿಗೆ ಇಂತಿಷ್ಟು ಎಂದು ಕೆಲಸವನ್ನು ಅಳೆದು ಕೊಡುತ್ತಿದ್ದುದರಿಂದ, ಅದನ್ನು ಮುಗಿಸಲಾಗದವರ ಕೈಗೆ ಪೂರ್ತಿ ಕೂಲಿ ಬರುತ್ತಿರಲಿಲ್ಲ. ಎಲ್ಲಕ್ಕಿಂತ ಕ್ರೂರವಾದುದು ಇನ್ನೊಂದಿದೆ: ಕೆಲಸಕ್ಕೆ ಬಾರದಿರುವುದು ಅಪರಾಧವೆನಿಸಿ, ಅದಕ್ಕೆ ದಂಡ ಅಥವಾ ಜೈಲು ಕಾದಿರುತ್ತಿತ್ತು. ಕೂಲಿಯೊಬ್ಬ ಮಾಲೀಕನನ್ನು ಬಿಟ್ಟು ಹೋಗಲು ಕಾನೂನೇ ಅಡ್ಡಿಯಾಗಿದ್ದ ಮೇಲೆ, ಮೊದಲ ದಿನದ ಹೆಬ್ಬೆಟ್ಟನ್ನು ಐದು ವರ್ಷಗಳ ಸಮ್ಮತಿ ಎಂದು ನಾನಂತೂ ಒಪ್ಪಲಾರೆ.

ಹಾಗೆಂದು ಎರಡನ್ನೂ ಒಂದೇ ಎನ್ನುವಂತಿಲ್ಲ. ಗುಲಾಮನ ಮಗು ಹುಟ್ಟಿನಿಂದಲೇ ಒಡೆಯನ ಸ್ವತ್ತು. ಗಿರ್ಮಿಟ್‌ಗೆ ಕೊನೆಯಿತ್ತು, ಅದು ಮಕ್ಕಳಿಗೆ ಇಳಿಯುತ್ತಿರಲಿಲ್ಲ. ಆದರೆ ಉಚಿತವಾಗಿ ಊರಿಗೆ ಮರಳಲು ಫಿಜಿಯಲ್ಲಿ ಹತ್ತು ವರ್ಷ ಕಳೆಯಬೇಕಿತ್ತು. ಹಲವರು ಗೇಣಿಗೆ ನೆಲ ಹಿಡಿದು ಅಲ್ಲಿಯೇ ಉಳಿದರು. ಮದನ ಮೋಹನ ಮಾಳವೀಯರು 1916ರಲ್ಲಿ ವೈಸರಾಯರ ಶಾಸನಸಭೆಯಲ್ಲಿ ಈ ಪದ್ಧತಿಯ ರದ್ದತಿಗೆ ನಿರ್ಣಯ ಮಂಡಿಸಿದರು. ಫಿಜಿಯಲ್ಲಿ ಅವಧಿ ಮುಗಿಯದೆ ಉಳಿದಿದ್ದವರ ಕರಾರುಗಳೂ 1920ರ ಜನವರಿ 1ರಂದು ರದ್ದಾದವು.