ಸಂಪಾದಕರ ಉತ್ತರ: ಸಾಲಿನ ಕೊನೆಯ ಮರ

ತಿಪಟೂರು ಕಡೆಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ವಯಸ್ಸು 54, ತೆಂಗಿನ ತೋಟವಿದೆ. 78ರ ತಾಯಿಗೆ ಬಹಳ ವರ್ಷಗಳಿಂದ ಶುಗರ್, ಬಿಪಿ ಎರಡೂ ಇವೆ. ಕಾಗದದ ಮುಖ್ಯ ಭಾಗ ಇದು:

"ಅಮ್ಮ ಒಗ್ಗರಣೆಗೆ ಎಣ್ಣೆ ಕಾಯಲಿಟ್ಟು ಸಾಸಿವೆ ಡಬ್ಬಿ ಹಿಡಿದು ಹಾಗೇ ನಿಂತುಬಿಡುತ್ತಾರೆ. ಮುಂದೇನು ಅಂತ ಹೊಳೆಯುವುದಿಲ್ಲ. ಆದರೆ ರಾಗಿ ಬೀಸುವ ಹಾಡು ಕೇಳಿ, ಒಂದು ಸಾಲೂ ತಪ್ಪದೆ ಹೇಳುತ್ತಾರೆ. ಸ್ಕ್ಯಾನ್ ನೋಡಿದ ಡಾಕ್ಟರು ಇದು ಬಿಪಿ, ಶುಗರಿನಿಂದ ಆದದ್ದು ಅಂದರು. ಬಿಪಿಗೂ ಮರೆವಿಗೂ ಎಲ್ಲಿಂದೆಲ್ಲಿಯ ಸಂಬಂಧ? ನನಗೂ 150 ಬರುತ್ತೆ. ಏನೂ ತೊಂದರೆ ಕಾಣದ್ದರಿಂದ ಮಾತ್ರೆ ಬಿಟ್ಟಿದ್ದೇನೆ. ನಿಮ್ಮ ಪದಬಂಧದ ಮೇಲೆ 'ಮೆದುಳಿಗೆ ಕಸರತ್ತು' ಅಂತ ಹಾಕುತ್ತೀರಲ್ಲ, ಪ್ರತಿವಾರ ತುಂಬುತ್ತೇನೆ. ಅದು ಸಾಲದೇ?"

ಸಾಲದು ಸ್ವಾಮಿ. ಪದಬಂಧ ಬಿಡಿ ಎನ್ನುತ್ತಿಲ್ಲ, ನೀವು ಬಿಟ್ಟರೆ ನಷ್ಟ ನಮಗೇ. ಆದರೆ ಅದನ್ನು ನಂಬಿ ಮಾತ್ರೆ ಬಿಟ್ಟಿದ್ದೀರಿ ಎಂದು ಓದಿದಾಗ ಆ ಸಾಲನ್ನು ಅಚ್ಚು ಹಾಕಿದ ನನಗೇ ಮುಜುಗರವಾಯಿತು.

ಸಂಬಂಧ ಎಲ್ಲಿಯದು ಅಂತ ಕೇಳಿದಿರಿ. ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಹೇಳುವುದು ಸುಲಭ. ಮೋಟಾರು ಚೆನ್ನಾಗಿ ಓಡುತ್ತಿರುತ್ತದೆ, ದಪ್ಪ ಪೈಪಿನಲ್ಲಿ ನೀರೂ ಇರುತ್ತದೆ. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಸಣ್ಣ ತೂತುಗಳು ಮುಚ್ಚುತ್ತಾ ಬಂದಾಗ ಮೊದಲು ಸೊರಗುವುದು ಸಾಲಿನ ಕೊನೆಯ ಮರ. ಅದೂ ಒಂದು ದಿನಕ್ಕೆ ಒಣಗುವುದಿಲ್ಲ. ಗರಿ ಜೋತುಬೀಳುವ ಹೊತ್ತಿಗೆ ಎಷ್ಟೋ ತಿಂಗಳು ಕಳೆದಿರುತ್ತವೆ.

ಮೆದುಳಿನ ತೂಕ ಮೈತೂಕದ ನೂರಕ್ಕೆ 2ರಷ್ಟು. ಉಣ್ಣುವ ಆಮ್ಲಜನಕ ಮಾತ್ರ ನೂರಕ್ಕೆ 20ರಷ್ಟು. ಕೂಡಿಡಲು ಅದಕ್ಕೆ ಕಣಜವಿಲ್ಲ, ಗಳಿಗೆ ಗಳಿಗೆಗೂ ರಕ್ತ ಬರುತ್ತಲೇ ಇರಬೇಕು. ಅದರ ಒಳಭಾಗದ ಬಿಳಿ ನರತಂತುಗಳಿಗೆ ರಕ್ತ ಮುಟ್ಟಿಸುವುದು ಕೂದಲೆಳೆಯಂಥ ನಾಳಗಳು. ತಂತುಗಳು ಸಾಲಿನ ಕೊನೆಯ ಮರಗಳಿದ್ದಂತೆ, ನಾಳಗಳು ಡ್ರಿಪ್ಪಿನ ಸಣ್ಣ ತೂತುಗಳಿದ್ದಂತೆ. ವರ್ಷಗಟ್ಟಲೆ ಬಿಪಿ ಏರಿದ್ದರೆ ಅವುಗಳ ಗೋಡೆ ದಪ್ಪವಾಗಿ ಬಿರುಸಾಗುತ್ತದೆ, ಹೆಚ್ಚಿದ ಸಕ್ಕರೆ ಒಳಪದರವನ್ನು ಕೆಡಿಸುತ್ತದೆ. ಇಂಥ ಹಾನಿ ಎಂಆರ್‌ಐಯಲ್ಲಿ ಬಿಳಿ ಮಚ್ಚೆಗಳಾಗಿ ಕಾಣುತ್ತದೆ. ಈ ತಂತುಗಳು ಮೆದುಳಿನ ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ದಾರಿಗಳು. ದಾರಿ ಕೆಟ್ಟಾಗ ಮೊದಲು ತೊಡಕುವುದು ಒಂದಾದ ಮೇಲೊಂದು ಮಾಡುವ ಕೆಲಸ. ಹಳೆಯ ಹಾಡು ಉಳಿದು, ಎಣ್ಣೆ ಕಾದ ಮೇಲೆ ಸಾಸಿವೆ ಎನ್ನುವುದು ತಪ್ಪಿಹೋಗುವುದು ಹೀಗೆ. (ಎಷ್ಟೋ ಹಿರಿಯರಲ್ಲಿ ಇದರ ಜೊತೆ ಮೆದುಳಿನ ಕೋಶಗಳೇ ಸಾಯುತ್ತಾ ಹೋಗುವ ಆಲ್‌ಝೈಮರ್ ಕಾಯಿಲೆ ಕೂಡ ಇರುತ್ತದೆ. ಬಿಡಿಸಿ ನೋಡುವುದು ನರರೋಗ ತಜ್ಞರ ಕೆಲಸ.)

ಬಿಪಿ ಇಳಿಸಿದರೆ ಲಾಭ ಉಂಟೇ? ಅಮೆರಿಕದಲ್ಲಿ 50 ದಾಟಿದ 9,361 ಜನರ ಮೇಲೆ ನಡೆದ 'ಸ್ಪ್ರಿಂಟ್' ಪ್ರಯೋಗದಲ್ಲಿ ಒಂದು ಗುಂಪಿನ ಮೇಲಿನ ಬಿಪಿಯನ್ನು 140ರ ಒಳಗೆ, ಇನ್ನೊಂದರದನ್ನು 120ರ ಒಳಗೆ ಇಡಲು ನೋಡಿದರು. ಮೆದುಳಿನ ಲೆಕ್ಕ 2019ರಲ್ಲಿ ಬಂತು. ಮರೆಗುಳಿತನಕ್ಕೆ ಮುಂಚಿನ ಹಂತದ ಅರಿವಿನ ಕುಂದು 120ರ ಗುಂಪಿನಲ್ಲಿ ನೂರಕ್ಕೆ 19ರಷ್ಟು ಕಡಿಮೆಯಿತ್ತು. ಪೂರ್ತಿ ಮರೆಗುಳಿತನ, ಅಂದರೆ ಡಿಮೆನ್ಶಿಯಾ ಕೂಡ ಕಡಿಮೆಯೇ ಕಂಡಿತು, ಆದರೆ ಖಚಿತವಾಗಿ ಹೇಳುವಷ್ಟಲ್ಲ. ಶುಗರ್ ಇದ್ದವರನ್ನು ಅದಕ್ಕೆ ಸೇರಿಸಿಕೊಂಡಿರಲಿಲ್ಲ ಎನ್ನುವುದೂ ನೆನಪಿರಲಿ.

ಶುಗರಿನ ಕಥೆ ಇಷ್ಟು ನೇರವಿಲ್ಲ. ಸಕ್ಕರೆಯನ್ನು ತೀರಾ ಬಿಗಿಹಿಡಿದರೆ ಬುದ್ಧಿ ಉಳಿದೀತೇ ಎಂದು ಸುಮಾರು 3,000 ಮಧುಮೇಹಿಗಳಲ್ಲಿ ನೋಡಿದ 'ಅಕಾರ್ಡ್ ಮೈಂಡ್' ಪ್ರಯೋಗದ ಫಲಿತಾಂಶ 2011ರಲ್ಲಿ ಬಂದಾಗ ನೆನಪಿನ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ವಯಸ್ಸಾದವರಲ್ಲಿ ಸಕ್ಕರೆ ಪಾತಾಳಕ್ಕಿಳಿಯುವುದೂ ಮೆದುಳಿಗೆ ಅಪಾಯವೇ. ಆದ್ದರಿಂದ ತಾಯಿಯವರ ಸಕ್ಕರೆ 100ಕ್ಕೆ ಬರಲೇಬೇಕೆಂದು ಅನ್ನ, ಮುದ್ದೆ ಕಿತ್ತುಕೊಳ್ಳಬೇಡಿ. ಅವರಿಗೆ ಎಷ್ಟಿದ್ದರೆ ಸರಿ ಎಂದು ಡಾಕ್ಟರನ್ನೇ ಕೇಳಿ. ತಾಯಿಯವರು ಮಾತ್ರೆ ನುಂಗಿದ್ದನ್ನೂ ಮರೆತು ಎರಡು ಸಲ ತೆಗೆದುಕೊಳ್ಳಬಹುದು. ಡಬ್ಬಿ ನಿಮ್ಮ ಕೈಯಲ್ಲಿರಲಿ. ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ವಿಟಮಿನ್ ಇಳಿಯುವುದುಂಟು, ಅದರಿಂದಲೂ ಮರೆವು ಬರುತ್ತದೆ. ಆ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ.

ಈಗ ನಿಮ್ಮ ವಿಚಾರ. ನನಗೆ ಹೆಚ್ಚು ಕಳವಳವಾದದ್ದು ನಿಮ್ಮ 150. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 10,000 ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸುವ ಗುರಿ ಇಟ್ಟುಕೊಂಡಿದ್ದಾರೆ. ಮುದುಕರನ್ನಷ್ಟೇ ಅಲ್ಲ, 45 ದಾಟಿದವರನ್ನೆಲ್ಲ ಸೇರಿಸಿಕೊಳ್ಳುತ್ತಾರೆ. 75ಕ್ಕೆ ಕಾಣುವ ಮರೆವಿನ ಬೇರು 50ರ ಆಸುಪಾಸಿನಲ್ಲೇ ಇಳಿದಿರುತ್ತದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಡಿಮೆನ್ಶಿಯಾಕ್ಕೆ ದಾರಿಮಾಡುವ, ತಡೆಯಬಹುದಾದ 14 ಕಾರಣ ಹೆಸರಿಸಿತು. ಬಿಪಿ, ಶುಗರ್, ಕೆಟ್ಟ ಕೊಲೆಸ್ಟರಾಲ್, ಬೊಜ್ಜು, ಸಿಗರೇಟು ಅದರಲ್ಲಿವೆ. ಕಿವಿ ಮಂದವಾಗುವುದೂ ಇದೆ.

"ತೊಂದರೆ ಕಾಣದ್ದರಿಂದ" ಅಂದಿರಿ. ನನಗೂ ಕಂಡಿರಲಿಲ್ಲ. ಹಲ್ಲು ಕೀಳಿಸಲು ಹೋದ ದಿನ 164 ಇತ್ತು. ಮಾತ್ರೆ ನುಂಗಿದ ಮೇಲೂ ಹಗುರವೆನಿಸಲಿಲ್ಲ, ಭಾರವೂ ಎನಿಸಲಿಲ್ಲ. ಮೂರೇ ತಿಂಗಳಲ್ಲಿ ಬಿಟ್ಟುಬಿಡೋಣ ಅನ್ನಿಸಿದ್ದು ಅದಕ್ಕೇ. ಒಂದು ವಾರ ಬೆಳಿಗ್ಗೆ ಕಾಫಿಗೆ ಮುಂಚೆ, ಬೆನ್ನು ಒರಗಿಸಿ ಐದು ನಿಮಿಷ ಸುಮ್ಮನೆ ಕೂತು, ಮಾತಾಡದೆ ಬಿಪಿ ನೋಡಿ ಬರೆದಿಡಿ. ಆ ಚೀಟಿ ಹಿಡಿದು, ನಿಮಗೆ ಮಾತ್ರೆ ಕೊಟ್ಟಿದ್ದ ಡಾಕ್ಟರ ಹತ್ತಿರವೇ ಹೋಗಿ. ಬೈದರೆ ಬೈಸಿಕೊಳ್ಳಿ.

ಪದಬಂಧ ಮುಂದಿನ ವಾರವೂ ಇರುತ್ತದೆ. ಮೇಲಿನ ಆ ಸಾಲನ್ನು ತೆಗೆಸಿದ್ದೇನೆ.

— ಸಂ.