ಗಿಡದ ಜೀನ್ ಬ್ಯಾಕ್ಟೀರಿಯಾದ ಆರ್‌ಎಂಎಲ್‌ಬಿ ಥರ ಇದೆ. ಡಿಟಿಡಿಪಿ-ಗ್ಲೂಕೋಸ್ ತರಿಸಲೇ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಗಿಡದ ಜೀನ್, ಬ್ಲಾಸ್ಟ್‌ನಲ್ಲಿ (ಜೀನ್‌ಗಳ ಸರಣಿ ಹೋಲಿಸಿ ನೋಡುವ ಸಾಫ್ಟ್‌ವೇರ್) ಬ್ಯಾಕ್ಟೀರಿಯಾದ ಆರ್‌ಎಂಎಲ್‌ಬಿ ಅನ್ನೋ ಕಿಣ್ವಕ್ಕೆ ಹೋಲಿಕೆ, ಡೇಟಾಬೇಸ್ ಕೊಟ್ಟ ಹೆಸರು ‘ಡಿಟಿಡಿಪಿ-ಗ್ಲೂಕೋಸ್ 4,6-ಡಿಹೈಡ್ರಟೇಸ್’, ದುಡ್ಡು ಒಂದೇ ಸಬ್‌ಸ್ಟ್ರೇಟಿಗೆ (ಕಿಣ್ವ ಹಿಡಿದು ಬದಲಾಯಿಸುವ ಪದಾರ್ಥ) ಸಾಕಾಗುವಷ್ಟು. ಇದು 2011ರ ನಾನೇ.

ನನ್ನದು ಚಕ್ಕೋತ. ಅದರ ಕಹಿಗೆ ನರಿಂಜಿನ್ ಕಾರಣ. ನರಿಂಜಿನ್‌ನಲ್ಲಿ ಎರಡು ಸಕ್ಕರೆ ಇರುತ್ತವೆ: ಗ್ಲೂಕೋಸ್, ಅದರ ಮೇಲೆ ರ್‍ಯಾಮ್ನೋಸ್. ಆ ರ್‍ಯಾಮ್ನೋಸ್ ತಯಾರಾಗುವ ದಾರಿ ಹಿಡಿಯುವುದು ನನ್ನ ಕೆಲಸ. ಬ್ಯಾಕ್ಟೀರಿಯಾದಲ್ಲಿ ಈ ದಾರಿ ಚೆನ್ನಾಗಿ ಗೊತ್ತು. ಆರ್‌ಎಂಎಲ್‌ಎ, ಬಿ, ಸಿ, ಡಿ ಅಂತ ನಾಲ್ಕು ಕಿಣ್ವ. ಮೊದಲನೆಯದು ಗ್ಲೂಕೋಸಿಗೆ ಡಿಟಿಡಿಪಿ ಅನ್ನೋ ಹಿಡಿ ಜೋಡಿಸುತ್ತದೆ, ಉಳಿದ ಮೂರು ಆ ಹಿಡಿ ಹಿಡಿದುಕೊಂಡು ಗ್ಲೂಕೋಸನ್ನು ರ್‍ಯಾಮ್ನೋಸ್ ಮಾಡುತ್ತವೆ. ನನ್ನ ಜೀನ್ ‘ಬಿ’ಗೆ ಹೋಲುತ್ತಿತ್ತು. ಮತ್ತೇನು ಯೋಚನೆ? ಹೊರದೇಶದಿಂದ ಡಿಟಿಡಿಪಿ-ಗ್ಲೂಕೋಸ್ ತರಿಸಿದೆ. ಸಣ್ಣ ಸೀಸೆ. ನಮ್ಮ ಗೈಡ್ ಬಿಲ್ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

ಇಲ್ಲಿಂದ ಮುಂದೆ ನಿಧಾನವಾಗಿ ಓದಿ. ನನ್ನ ಒಂದು ವರ್ಷ ಹೋದದ್ದು ಇಲ್ಲೇ.

ಈ ಕಿಣ್ವ ಕೆಲಸ ಮಾಡಿದರೆ ಬರುವ ಪದಾರ್ಥಕ್ಕೆ ಕ್ಷಾರ ಹಾಕಿದಾಗ ಅದು 320 ನ್ಯಾನೋಮೀಟರ್ ಬೆಳಕನ್ನು ಹೀರುತ್ತದೆ. ಹಾಕಿದೆ, ಓದಿದೆ. ಖಾಲಿ ಟ್ಯೂಬಿಗಿಂತ ರೀಡಿಂಗ್ ಸ್ವಲ್ಪ ಮೇಲಿತ್ತು. ಪೂರ್ತಿ ಸೊನ್ನೆ ಬಂದಿದ್ದರೆ ಬಚಾವಾಗುತ್ತಿದ್ದೆ, ಅವತ್ತೇ ಬೇರೆ ದಾರಿ ಹುಡುಕುತ್ತಿದ್ದೆ. ಆ ‘ಸ್ವಲ್ಪ’ ನನ್ನನ್ನು ಹಾಳು ಮಾಡಿತು. ಕಿಣ್ವ ಸರಿಯಾಗಿದೆ, ನನ್ನ ಕೈಗುಣ ಸರಿಯಿಲ್ಲ ಅಂದುಕೊಂಡೆ. ಪಿಎಚ್ ಬದಲಿಸಿದೆ, ಉಪ್ಪು ಬದಲಿಸಿದೆ, ಪ್ರೋಟೀನ್ ತಯಾರಿಸುವ ಈ-ಕೋಲಿ ಬ್ಯಾಕ್ಟೀರಿಯಾದ ತಳಿ ಬದಲಿಸಿದೆ, ರಾತ್ರಿಯಿಡೀ ಕೋಲ್ಡ್ ರೂಮಿನಲ್ಲಿ ಸ್ವೆಟರ್ ಹಾಕಿಕೊಂಡು ಪ್ರೋಟೀನ್ ಶುದ್ಧ ಮಾಡಿದೆ. ರೀಡಿಂಗ್ ಮಾತ್ರ ಹಾಗೇ ಕೂತಿತ್ತು.

ಓದಲಿಲ್ಲವಾ ಅಂತ ಕೇಳಬಹುದು. ಓದಿದೆ! ಆದರೆ ಹುಡುಕಿದ್ದು ಡೇಟಾಬೇಸ್ ಕೊಟ್ಟ ಹೆಸರಿನಿಂದ. ಆ ಹೆಸರು ಹಾಕಿ ಹುಡುಕಿದರೆ ಬ್ಯಾಕ್ಟೀರಿಯಾದ ಪೇಪರುಗಳೇ ಬರುತ್ತವೆ. ಎಲ್ಲದರಲ್ಲೂ ಡಿಟಿಡಿಪಿ, ನನ್ನ ನಂಬಿಕೆ ಇನ್ನೂ ಗಟ್ಟಿ. ಆ ಹೆಸರನ್ನು ಇಟ್ಟಿದ್ದು ಯಾವುದೋ ಸಾಫ್ಟ್‌ವೇರ್, ಬರೀ ಹೋಲಿಕೆ ನೋಡಿ. ಯಾರೂ ಟ್ಯೂಬಿನಲ್ಲಿ ಪರೀಕ್ಷಿಸಿರಲಿಲ್ಲ.

ಕೊನೆಗೆ ಹೊಸದಾಗಿ ಸೇರಿದ ಹುಡುಗಿ ಟೀ ಕುಡಿಯುವಾಗ ಸುಮ್ನೆ ಕೇಳಿದಳು, “ಅಕ್ಕಾ, ಗಿಡದಲ್ಲಿ ಎಲ್ಲದಕ್ಕೂ ಯುಡಿಪಿ-ಗ್ಲೂಕೋಸೇ ಅಲ್ವಾ? ಸುಕ್ರೋಸಿಗೆ, ಸೆಲ್ಯುಲೋಸಿಗೆ... ಇದಕ್ಕೆ ಮಾತ್ರ ಯಾಕೆ ಬೇರೆ?” ಯುಡಿಪಿ ಅಂದರೆ ಡಿಟಿಡಿಪಿ ಥರದ್ದೇ ಇನ್ನೊಂದು ಹಿಡಿ. ಪಕ್ಕದ ಬೆಂಚಿನವರ ಫ್ರೀಜರಿನಲ್ಲಿ ಯುಡಿಪಿ-ಗ್ಲೂಕೋಸ್ ಇತ್ತು. ಚಿಟಿಕೆ ಬೇಡಿ ತಂದೆ. ಅವತ್ತು ಮಧ್ಯಾಹ್ನವೇ ರೀಡಿಂಗ್ ಜಿಗಿಯಿತು. ಬಾತ್‌ರೂಮಿಗೆ ಹೋಗಿ ಅತ್ತೆ. ಖುಷಿಗಲ್ಲ.

ಆಮೇಲೆ ‘ಆರ್‌ಎಚ್‌ಎಂ’ ಅಂತ (ಗಿಡದಲ್ಲಿ ಈ ಕೆಲಸ ಮಾಡುವ ಕಿಣ್ವದ ಹೆಸರು) ಹುಡುಕಿದರೆ, ಎಲ್ಲ ಆಗಲೇ ಅಲ್ಲಿತ್ತು. ಸಾಸಿವೆ ಜಾತಿಯ ಪುಟ್ಟ ಗಿಡ ಅರಬಿಡಾಪ್ಸಿಸ್‌ನಲ್ಲಿ ಇಂಥ ಮೂರು ಪ್ರೋಟೀನ್ ಇವೆ. ಆರ್‌ಎಚ್‌ಎಂ2 ಕೆಟ್ಟರೆ ಬೀಜ ನೆನೆಸಿದಾಗ ಬರಬೇಕಾದ ಲೋಳೆ ಸರಿಯಾಗಿ ಬರುವುದಿಲ್ಲ (ನೀರಿಗೆ ಹಾಕಿದ ಕಾಮಕಸ್ತೂರಿ ಬೀಜ ನೆನಪಿಸಿಕೊಳ್ಳಿ, ಅಂಥ ಲೋಳೆ). 2007ರಲ್ಲಿ ಜಪಾನಿನ ತಂಡ ಅಳೆದು ತೋರಿಸಿತ್ತು: ಆರ್‌ಎಚ್‌ಎಂ2ರ ಮುಂದಿನ ಅರ್ಧ (‘ಬಿ’ಗೆ ಹೋಲುವ ಭಾಗ) ಡಿಟಿಡಿಪಿ-ಗ್ಲೂಕೋಸಿಗಿಂತ ಯುಡಿಪಿ-ಗ್ಲೂಕೋಸನ್ನು 5.9 ಪಟ್ಟು ಬಿಗಿಯಾಗಿ ಹಿಡಿಯುತ್ತದೆ. ಅಂದರೆ ಡಿಟಿಡಿಪಿಯನ್ನೂ ಅಷ್ಟಿಷ್ಟು ಮುಟ್ಟುತ್ತದೆ. ನನ್ನ ‘ಸ್ವಲ್ಪ’ ಬಂದದ್ದು ಅಲ್ಲಿಂದ. ಈ ಅಂಕಿ ಪೇಪರಿನ ಸಾರಾಂಶದಲ್ಲೇ ಇದೆ, ಒಳಗೆ ಹೋಗುವುದೂ ಬೇಡ.

ಹಾಗಾಗಿ ‘ಯಾವುದು ಕೊಳ್ಳಲಿ’ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬ್ಲಾಸ್ಟ್ ಹೋಲಿಕೆ ಯಾವ ಥರದ ರಾಸಾಯನಿಕ ಕ್ರಿಯೆ ಅಂತ ಹೇಳುತ್ತದೆ. ಹಿಡಿ ಯಾವುದು ಅಂತ ಹೇಳುವುದಿಲ್ಲ. ಯುಡಿಪಿ-ಗ್ಲೂಕೋಸ್ ಬೆಲೆ ತುಂಬಾ ಕಮ್ಮಿ, ಅಕ್ಕಪಕ್ಕ ಯಾರ ಹತ್ತಿರವಾದರೂ ಇರುತ್ತದೆ. ಮೊದಲು ಕೇಳಿ ತನ್ನಿ. ‘ಬ್ಯಾಕ್ಟೀರಿಯಾದಿಂದ ಬಂದ ಜೀನ್’ ಅನ್ನೋ ಸಾಲನ್ನೂ ಈಗಲೇ ಬರೆಯಬೇಡಿ, ಬರೀ ಹೋಲಿಕೆಯಿಂದ ಅದು ಸಾಬೀತಾಗುವುದಿಲ್ಲ.

ಇನ್ನೊಂದು, ಆರ್‌ಎಂಎಲ್‌ಸಿ ಥರದ್ದನ್ನು ಗಿಡದಲ್ಲಿ ಹುಡುಕುತ್ತಾ ಕೂರಬೇಡಿ. ಬ್ಯಾಕ್ಟೀರಿಯಾದಲ್ಲಿ ‘ಸಿ’ ಮತ್ತು ‘ಡಿ’ ಬೇರೆ ಬೇರೆ ಮಾಡುವ ಎರಡು ಕೆಲಸವನ್ನೂ ಆರ್‌ಎಚ್‌ಎಂನ ಹಿಂದಿನ ಅರ್ಧವೇ ಮಾಡಿ ಮುಗಿಸುತ್ತದೆ. ಬ್ಲಾಸ್ಟ್‌ನಲ್ಲಿ ಹೊಂದಿದ ಅರ್ಧವನ್ನಷ್ಟೇ ಕತ್ತರಿಸಿ ಕ್ಲೋನ್ ಮಾಡಿದರೆ ರ್‍ಯಾಮ್ನೋಸ್ ಬರುವುದೇ ಇಲ್ಲ. ಪೂರ್ತಿ ಜೀನ್ ತಗೊಳ್ಳಿ, ಎನ್‌ಎಡಿಪಿಎಚ್ (ಕೊನೆಯ ಹೆಜ್ಜೆಗೆ ಬೇಕಾದ ಸಹಾಯಕ ಅಣು) ಹಾಕುವುದನ್ನು ಮರೆಯಬೇಡಿ.

ನಿಮ್ಮ ಪ್ರೋಟೀನ್ ಎಷ್ಟು ಉದ್ದ ಅಂತ ನೀವು ಬರೆದಿಲ್ಲ. 670 ಅಮೈನೋ ಆಮ್ಲದ ಆಸುಪಾಸಿದ್ದರೆ ನನ್ನ ಕಥೆಯೇ ನಿಮ್ಮದು. 350ರ ಹತ್ತಿರ ಇದ್ದರೆ ರ್‍ಯಾಮ್ನೋಸ್ ಆಸೆ ಸ್ವಲ್ಪ ಪಕ್ಕಕ್ಕಿಡಿ: ಗಿಡದಲ್ಲಿ ಯುಡಿಪಿ-ಕ್ಸೈಲೋಸ್ ಮಾಡುವ ಕಿಣ್ವಗಳಲ್ಲೂ ಕೆಲವು ಅಷ್ಟೇ ಉದ್ದ, ಅದೇ ಕುಟುಂಬ, ನೋಡಲೂ ಹೆಚ್ಚುಕಮ್ಮಿ ಹಾಗೇ. ಉದ್ದ ಎಷ್ಟು ಅಂತ ತಿಳಿಸಿ.