ಹಿತ್ತಲ ಕೈತೋಟ: ಕುಡಿ ಬಾಡಿದರೆ ಮೊದಲು ಕತ್ತರಿ

ಪ್ರಶ್ನೆ: ಹಿತ್ತಲಲ್ಲಿ ಈರನಗೆರೆ ಬದನೆಯ ಹನ್ನೆರಡು ಗಿಡ ಹಾಕಿದ್ದೇವೆ. ಸೊಂಪಾಗಿ ಬಂದಿವೆ, ಆದರೆ ಕುಡಿಗಳು ಒಂದೊಂದಾಗಿ ಬಾಗಿ ಬಾಡುತ್ತಿವೆ. ನೀರು ಸಾಲದೇನೋ ಎಂದು ದಿನಕ್ಕೆರಡು ಸಲ ಹಾಕಿದೆವು. ಬೇವಿನೆಣ್ಣೆ ಎರಡು ಸಲ ಸಿಂಪಡಿಸಿದ್ದಾಯಿತು. ಈಗ ಕಾಯಲ್ಲೂ ತೂತು ಬಿದ್ದಿದೆ. ಏನು ಮಾಡುವುದು?
– ಕುವೆಂಪುನಗರ, ಮೈಸೂರು

ಉತ್ತರ: ನೀರು ಸಾಲದಿದ್ದರೆ ಇಡೀ ಗಿಡವೇ ಜೋಲುತ್ತದೆ, ನೀರುಣಿಸಿದರೆ ಚೇತರಿಸಿಕೊಳ್ಳುತ್ತದೆ. ಒಂದೊಂದೇ ಕುಡಿ ಬಾಡಿ ಒಣಗುವುದು ಕುಡಿ ಮತ್ತು ಕಾಯಿ ಕೊರಕದ ಲಕ್ಷಣ. ಬಾಡಿದ ಕುಡಿಯನ್ನು ಉದ್ದಕ್ಕೆ ಸೀಳಿ ನೋಡಿ, ಒಳಗೆ ನಸುಗೆಂಪು ಹುಳು ಮತ್ತು ಅದರ ಹಿಕ್ಕೆ ಸಿಗುತ್ತವೆ. ದಿನಕ್ಕೆರಡು ಸಲ ನೀರು ಹಾಕುವುದನ್ನು ಇವತ್ತೇ ನಿಲ್ಲಿಸಿ, ಬೇರು ಕೊಳೆತೀತು.

ಬೇವಿನೆಣ್ಣೆ ಕೈಕೊಟ್ಟಿದ್ದಕ್ಕೆ ಕಾರಣವಿದೆ. ಪತಂಗ ಎಲೆಯ ಅಡಿಯಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಮೊಟ್ಟೆಯಿಂದ ಹೊರಬಂದ ಕೆಲವೇ ಗಂಟೆಗಳಲ್ಲಿ ಕುಡಿಯನ್ನೋ ಕಾಯನ್ನೋ ಕೊರೆದು ಒಳಸೇರಿ, ಸುಮಾರು ಎರಡು ವಾರ ಅಲ್ಲೇ ತಿನ್ನುತ್ತದೆ. ಮೇಲೆ ಸಿಂಪಡಿಸಿದ್ದು ಅದಕ್ಕೆ ಮುಟ್ಟುವುದೇ ಇಲ್ಲ. ಹಾಗಾಗಿ ನಿಮಗೆ ಬೇಕಾದ ಮೊದಲ ಸಾಧನ ಕತ್ತರಿ. ಮೂರು ದಿನಕ್ಕೊಮ್ಮೆ ಗಿಡ ನೋಡಿ, ಬಾಡಿದ ಭಾಗದಿಂದ ಒಂದಂಗುಲ ಕೆಳಗೆ ಕತ್ತರಿಸಿ. ತೂತಿರುವ ಕಾಯನ್ನೂ ಕಿತ್ತುಬಿಡಿ. ಇವನ್ನು ಗೊಬ್ಬರದ ಗುಂಡಿಗೆ ಎಸೆಯುವವರೇ ಹೆಚ್ಚು, ಅಲ್ಲಿಂದಲೇ ಹುಳು ಕೋಶವಾಗಿ, ಪತಂಗವಾಗಿ ಮತ್ತೆ ನಿಮ್ಮ ಗಿಡಕ್ಕೆ ಬರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಿಗಿಯಾಗಿ ಕಟ್ಟಿ ನಾಲ್ಕೈದು ದಿನ ಬಿಸಿಲಿಗಿಡಿ. ಕೋಶ ಉದುರಿದೆಲೆಯಲ್ಲೂ ಅಡಗಿರುತ್ತದೆ, ಆದ್ದರಿಂದ ಬುಡ ಗುಡಿಸಿ ಆ ತರಗನ್ನೂ ಇದೇ ಕವರಿಗೆ ತುಂಬಿ.

ಗೊಬ್ಬರದಂಗಡಿಯಲ್ಲಿ ಈ ಪತಂಗದ್ದೇ ಮೋಹಕ ಬಲೆ, ಅಂದರೆ ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆದು ಹಿಡಿಯುವ ಬಲೆ ಸಿಗುತ್ತದೆ. ನಿಮ್ಮ ಜಾಗಕ್ಕೆ ಒಂದು ಸಾಕು. ಕುಡಿಯ ಮಟ್ಟಕ್ಕೆ ಕಟ್ಟಿ, ಒಳಗಿನ ಲೂರನ್ನು (ಆ ವಾಸನೆಯ ಬಿಲ್ಲೆ) ತಿಂಗಳಿಗೊಮ್ಮೆ ಬದಲಿಸಿ. ಅದಕ್ಕೆ ಬೀಳುವುದು ಗಂಡು ಪತಂಗ ಮಾತ್ರ, ಹಾಗಾಗಿ ಬಲೆ ಕಟ್ಟಿದ್ದೇವೆಂದು ಕತ್ತರಿ ಕೆಳಗಿಡಬೇಡಿ. ಬೇವಿನೆಣ್ಣೆಯನ್ನೂ ಪೂರ್ತಿ ಬಿಡಬೇಕಿಲ್ಲ, ಮೊಟ್ಟೆ ಇಡುವುದನ್ನು ಅದು ತುಸು ತಗ್ಗಿಸುತ್ತದೆ. 5 ಮಿ.ಲೀ. ಎಣ್ಣೆಗೆ ಮೊದಲು 2 ಮಿ.ಲೀ. ದ್ರವ ಸೋಪು ಸೇರಿಸಿ ಚೆನ್ನಾಗಿ ಕಲಕಿ, ಆಮೇಲೆ ಒಂದು ಲೀಟರ್ ಉಗುರುಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ. ನೀರಿಗೆ ನೇರ ಎಣ್ಣೆ ಸುರಿದರೆ ಅದು ತೇಲಿ, ಬಿದ್ದ ಕಡೆ ಎಲೆ ಸುಡುತ್ತದೆ. ಬಿಸಿಲಿಗೆ ಬೇವಿನ ಸತ್ವ ಕೆಡುವುದರಿಂದ ಸಂಜೆ ಐದರ ನಂತರ, ಎಲೆಯಡಿಗೆ ತಾಗುವಂತೆ ಹೊಡೆಯಿರಿ. ಉಳಿದದ್ದನ್ನು ನಾಳೆಗೆ ಇಡಬೇಡಿ.

ಮುಂದಿನ ಸಲ ಒಟ್ಲಿಂದ ಸಸಿ ಕಿತ್ತು ನೆಟ್ಟ ದಿನವೇ ಕೀಟ ತಡೆಯುವ ನೈಲಾನ್ ಪರದೆ ಕಟ್ಟಿ, ಅಂಚನ್ನು ಮಣ್ಣಲ್ಲಿ ಹೂಳಿ. ಪರದೆಯೊಳಗೆ ಜೇನು ಬರದಿದ್ದರೂ ಚಿಂತೆಯಿಲ್ಲ, ಬದನೆ ಹೂ ಬಹುಪಾಲು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಬೆಳಿಗ್ಗೆ ಗಿಡವನ್ನು ಮೆಲ್ಲಗೆ ಅಲುಗಿಸಿದರಾಯಿತು. ಹಳೆ ಬದನೆ ಗಿಡ ಪಕ್ಕದಲ್ಲಿ ನಿಂತಿದ್ದರೆ ಮಾತ್ರ ಇದೆಲ್ಲ ವ್ಯರ್ಥ. ಮೊದಲು ಅದನ್ನು ಬೇರುಸಹಿತ ಕೀಳಿ.

ಪ್ರಶ್ನೆ: ತಾರಸಿಯ ಕುಂಡದಲ್ಲಿರುವ ಮೆಣಸಿನ ಗಿಡ ಮುಟುರಿಕೊಂಡಿದೆ. ಯಾವ ಔಷಧಿ ಹೊಡೆಯಲಿ?
– ಮಂಡ್ಯ

ಉತ್ತರ: ಎಲೆ ಯಾವ ಕಡೆಗೆ ಮುಟುರಿದೆ ಎನ್ನುವುದನ್ನು ನೀವು ಬರೆದಿಲ್ಲ, ಮದ್ದು ನಿಂತಿರುವುದೇ ಅದರ ಮೇಲೆ. ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ. ಬಿಳಿ ಹಾಳೆ ಹಿಡಿದು ಕುಡಿಯನ್ನು ತಟ್ಟಿದರೆ ಕೂದಲೆಳೆಯಂಥ ಹಳದಿ ಹುಳುಗಳು ಉದುರಿ ಓಡಾಡುತ್ತವೆ. ಮೇಲೆ ಹೇಳಿದ ಬೇವಿನೆಣ್ಣೆಯನ್ನು ವಾರಕ್ಕೊಮ್ಮೆಯಂತೆ ಮೂರು ಸಲ ಹೊಡೆಯಿರಿ, ನೀಲಿ ಅಂಟುಹಾಳೆ ತೂಗುಹಾಕಿ. ಅಂಚು ಕೆಳಕ್ಕೆ ಬಾಗಿ, ತೊಟ್ಟು ಉದ್ದವಾಗಿದ್ದರೆ ನುಸಿ (ಮೈಟ್), ಬರಿಗಣ್ಣಿಗೆ ಕಾಣದಷ್ಟು ಸಣ್ಣ ರಸ ಹೀರುವ ಜೀವಿ. ಅದಕ್ಕೆ ನೀರಲ್ಲಿ ಕರಗುವ ಗಂಧಕ, ಲೀಟರಿಗೆ 2ರಿಂದ 3 ಗ್ರಾಂ. ಉರಿಬಿಸಿಲಲ್ಲಿ ಗಂಧಕ ಬೇಡ. ಬೇವಿನೆಣ್ಣೆ ಹೊಡೆದು ಎರಡು ವಾರ ಆಗದೆಯೂ ಬೇಡ, ಎರಡೂ ಸೇರಿದರೆ ಎಲೆ ಸುಟ್ಟುಹೋಗುತ್ತದೆ. ಇನ್ನು ಎಲೆ ಚಿಕ್ಕದಾಗಿ, ಹಳದಿಯಾಗಿ, ತುದಿಯಲ್ಲಿ ಗುಚ್ಛಗಟ್ಟಿದ್ದರೆ ಅದು ಬಿಳಿನೊಣ ತಂದ ನಂಜು ರೋಗ (ವೈರಸ್). ಮದ್ದಿಲ್ಲ. ಬೇರೆ ಕುಂಡಗಳಿಗೆ ಹರಡುವ ಮುಂಚೆ ಆ ಗಿಡ ಕಿತ್ತುಹಾಕಿ.

ಪ್ರಶ್ನೆ: ಟೊಮೆಟೊ ಎಲೆ ಮೇಲೆ ಬಿಳಿ ಗೆರೆ ಎಳೆದಂತಿದೆ. ಗಿಡ ಸಾಯುತ್ತದೆಯೇ?
– ನಂಜನಗೂಡು

ಉತ್ತರ: ಇಲ್ಲ, ಅದು ಎಲೆಯ ಒಳಗೇ ಕೊರೆದು ತಿನ್ನುವ ರಂಗೋಲಿ ಹುಳು. ಗೆರೆ ಬಿದ್ದ ಕೆಳಗಿನ ಎಲೆಗಳನ್ನು ಚಿವುಟಿ ತೆಗೆದರೆ ಸಾಕು.

ಪ್ರಶ್ನೆ: ನಾಲೆ ಬಯಲಿನ ಪಕ್ಕದಲ್ಲಿ ಮನೆ. ಮಳೆ ಬಂದರೆ ದೊಡ್ಡ ಬಸವನಹುಳುಗಳು ರಾತ್ರೋರಾತ್ರಿ ಸೊಪ್ಪಿನ ಮಡಿಯನ್ನೇ ಬೋಳು ಮಾಡುತ್ತವೆ. ಉಪ್ಪು ಚೆಲ್ಲಬಹುದೇ?
– ಪಾಂಡವಪುರ

ಉತ್ತರ: ಮಡಿಗೆ ಖಂಡಿತ ಬೇಡ, ಉಪ್ಪು ಮಣ್ಣಿಗಿಳಿದರೆ ಸೊಪ್ಪಿನ ಬೇರೇ ಸುಡುತ್ತದೆ. ಸಂಜೆ ಗೋಣಿಚೀಲ ನೆನೆಸಿ ಮಡಿಯ ಅಂಚಿಗೆ ಹಾಸಿ, ಅದರಡಿ ಪಪ್ಪಾಯಿ ಅಥವಾ ಕೋಸಿನ ಎಲೆ ಇಡಿ. ಬೆಳಕು ಹರಿಯುವಾಗ ಹುಳುಗಳು ಚೀಲದಡಿ ಸೇರಿರುತ್ತವೆ. ಅವುಗಳಲ್ಲಿ ಮನುಷ್ಯರಿಗೂ ತಗಲುವ ಪರಾವಲಂಬಿ ಹುಳು ಇರಬಹುದು, ಬರಿಗೈಯಲ್ಲಿ ಮುಟ್ಟದೆ ಕೈಗವಸು ಹಾಕಿಕೊಂಡು ಆರಿಸಿ. ಬಕೆಟ್ಟಿನಲ್ಲಿ ಗಟ್ಟಿ ಉಪ್ಪುನೀರು ಮಾಡಿ ಅದರಲ್ಲಿ ಮುಳುಗಿಸಿ. ಆ ನೀರನ್ನು ತೋಟಕ್ಕೆ ಚೆಲ್ಲಬೇಡಿ. ಸೊಪ್ಪನ್ನು ಎರಡು ಮೂರು ನೀರಲ್ಲಿ ತೊಳೆದು ಬೇಯಿಸಿಯೇ ತಿನ್ನಿ. ಕಲ್ಲು, ಇಟ್ಟಿಗೆ ರಾಶಿಯ ಅಡಿಯ ತೇವದ ಮಣ್ಣು ಕೆದಕಿ, ಬಟಾಣಿಯಷ್ಟು ದಪ್ಪದ ಕೆನೆಬಣ್ಣದ ಮೊಟ್ಟೆಗಳ ಗುಂಪು ಸಿಕ್ಕರೆ ಜಜ್ಜಿಹಾಕಿ. ಮೊದಲ ಮಳೆಯಿಂದಲೇ ವಾರಕ್ಕೆರಡು ಸಲ ಹೀಗೆ ಆರಿಸಿ. ಅಕ್ಕಪಕ್ಕದ ಮನೆಯವರೂ ಅದೇ ದಿನಗಳಲ್ಲಿ ಆರಿಸಿದರೆ ಬೇಗ ಹತೋಟಿಗೆ ಬರುತ್ತವೆ, ಇಲ್ಲವಾದರೆ ಬೇಲಿ ದಾಟಿ ಮತ್ತೆ ಬರುತ್ತವೆ.